ನಡುಗೆರೆ

ಹುಬ್ಬುಗಳ ನಡುವೆ ಒಂದು ಚುಕ್ಕಿ,
ಮೂಗಿನ ಬುಡದಲ್ಲಿ ಒಂದು,
ಮೇಲ್ತುಟಿಯ ಹಳ್ಳದಲ್ಲಿ ಮತ್ತೊಂದು.
ಮೂರನ್ನೂ ಕೂಡಿಸಿ ಎಳೆದ ಗೆರೆ
ಕೆಳಗಿಳಿದು ಗದ್ದವನ್ನು ಹುಡುಕಿದರೆ
ಗದ್ದ ಅಲ್ಲಿಲ್ಲ.
ಎಡಕ್ಕೆ ಸರಿದು ಕೂತಿದೆ,
ಅಂಕೋಲೆ ಬಸ್ಸಿನಲ್ಲಿ ಪಕ್ಕದವರಿಗೆ
ಜಾಗ ಮಾಡಿಕೊಟ್ಟ ಹಾಗೆ.

ನಾಲ್ಕು ಪಾಯಿಂಟ್ ಮೂರು ಮಿಲಿಮೀಟರ್, ಬರೆದುಕೊಂಡೆ.
ಪ್ರಣೀತಾ ಹರಿಕಂತ್ರ, ಹತ್ತೊಂಬತ್ತು, ಬೈತಖೋಲ.
ಅಲುಗಬೇಡ ಅಂದೆ, ಅವಳಿಗೆ ನಗು ಬಂತು.
ನಕ್ಕರೆ ಐದು ದಾಟುತ್ತದೆ.
ನಗುವನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ;
ತುಟಿ ಸಡಿಲ, ಹಲ್ಲು ಕಚ್ಚಿ, ದೃಷ್ಟಿ ನೇರ,
ಇದು ಪದ್ಧತಿ.

ಕಾರವಾರದ ಈ ಕೋಣೆಗೆ ಕಡಲ ಕಡೆ ಒಂದೇ ಕಿಟಕಿ.
ಮಧ್ಯಾಹ್ನ ಕಳೆದರೆ ಒಂದೇ ಕೆನ್ನೆಗೆ ಬಿಸಿಲು ಬಿದ್ದು
ಬಂದವರೆಲ್ಲ ಸೊಟ್ಟ.
ಅದಕ್ಕೇ ಪರದೆ ಎಳೆದು
ಟೇಪು ಹಿಡಿದು ಸಮದೂರದಲ್ಲಿ ಇಟ್ಟ ಎರಡು ದೀಪ.
ಹದಿನೈದು ದಿನ ಬಿಟ್ಟು ಅದೇ ಮುಖವನ್ನು ಮತ್ತೆ ಅಳೆಯುತ್ತೇನೆ,
ನನ್ನ ಕೈಯ ತಪ್ಪು ಎಷ್ಟೆಂದು ತಿಳಿಯಲು.
ಅರ್ಧ ಮಿಲಿಮೀಟರ್.
ಅಷ್ಟಕ್ಕೆ ಪುಸ್ತಕದಲ್ಲೇ ಮಾಫಿ ಉಂಟು.

‘ಕನ್ನಡಿಯೊಳಗೆ ಸರಿ ಇರ್ತೆ ಅಕ್ಕೋರೆ,
ಫೋಟೋದಾಗೆ ಯಾರೋ ದೂಡಿದಂಗೆ.’
ಕನ್ನಡಿ ಎಡಬಲ ತಿರುಗಿಸುತ್ತದೆ, ಹೇಳಿದೆ.
ಹುಟ್ಟಿದಾಗಿಂದ ನೀನು ನೋಡಿದ್ದು
ಮಗುಚಿದ ಪ್ರಣೀತಾಳನ್ನು.
ನೆಟ್ಟಗಿನವಳನ್ನು ಊರೆಲ್ಲ ಕಂಡಿದೆ, ನೀನೊಬ್ಬಳು ಬಿಟ್ಟು.
ಅವಳು ಬಹಳ ಹೊತ್ತು ಮಾತಾಡಲಿಲ್ಲ.
ಹೇಳಬಾರದಿತ್ತೇನೋ.

ಸಹಿ ಹಾಕಿಸಿಕೊಂಡು ಅವಳದೇ ಮುಖದಲ್ಲಿ
ಗದ್ದವನ್ನು ಕಂಪ್ಯೂಟರಿನಲ್ಲಿ ಸರಿಸಿದೆ:
ಸೊನ್ನೆ, ಎರಡು, ನಾಲ್ಕು, ಆರು.
ಹತ್ತು ಜನ ಹಲ್ಲಿನ ಡಾಕ್ಟರರು, ಹತ್ತು ಜನ ಸಾಮಾನ್ಯರು.
ಡಾಕ್ಟರರು ಎರಡಕ್ಕೇ ಹುಬ್ಬೇರಿಸಿದರು.
ಹೆದ್ದಾರಿಯ ಪೊಲೀಸಪ್ಪನಿಗೆ ನಾಲ್ಕೂ ಒಬ್ಬಳೇ, ನಾಲ್ಕೂ ಚೆಂದ.
ಕೋಡಿಬಾಗದ ಟೇಲರ್ ಮಂಜಪ್ಪ ಒಬ್ಬ
ಎರಡರ ಚಿತ್ರದ ಮೇಲೆ ಬೆರಳಿಟ್ಟು
‘ಕಾಲರು ಒಂಚೂರು ಓಡಿದೆ’ ಅಂದ.
ಅವನನ್ನು ಯಾವ ಕಾಲಮ್ಮಿಗೆ ಹಾಕಲಿ ಎಂದು ಗೈಡ್ ಸರ್ ಇನ್ನೂ ಹೇಳಿಲ್ಲ.

ಶೇವಂತಿ ಬಂದದ್ದು ಮಗಳನ್ನು ಕರೆದೊಯ್ಯಲು.
ಬುಟ್ಟಿಯಲ್ಲಿ ಮಾರದೆ ಉಳಿದ ಒಂದೇ ಒಂದು ಲೇಪೆ ಮೀನು,
ಎರಡೂ ಕಣ್ಣು ಒಂದೇ ಬದಿಗೆ.
ಮರಿಯಾಗಿದ್ದಾಗ ಎರಡು ಬದಿಗೂ ಒಂದೊಂದು ಇರುತ್ತದೆ,
ಆಮೇಲೆ ಒಂದು ಕಣ್ಣು ತಲೆ ದಾಟಿ ಇತ್ತ ಬರುತ್ತದೆ,
ಓದಿದ್ದನ್ನು ಹೇಳಿದೆ.
‘ಬರ್ಲಿ, ಪಾಪ. ಅದಕ್ಕೆ ರೇಟು ಕಮ್ಮಿ ಆಗ್ಲಿಲ್ಲ’ ಅಂದಳು.

ರಕ್ತಸಂಬಂಧಿಗಳಿಗೆ ತೋರಿಸಬಾರದು, ನಿಯಮ.
ಪರದೆಯ ಮೇಲೆ ಚಿತ್ರಗಳು ತೆರೆದೇ ಇದ್ದವು.
ಸೊನ್ನೆಯನ್ನು ನೋಡಿದಳು:
‘ಇದ್ಯಾರ ಮನೆ ಹುಡುಗಿ?’
ಎರಡನ್ನು ದಾಟಿದಳು.
ನಾಲ್ಕು: ‘ಇದು ನಮ್ದು.’
ಆರಕ್ಕೆ ಬಂದವಳು ಸೆರಗಿಗೆ ಕೈ ಒರೆಸಿಕೊಂಡಳು,
ಮೀನಿನ ಕೈಯನ್ನು, ಒಂದಲ್ಲ, ಎರಡು ಸಲ.
‘ನಮ್ಮವ್ವಿ.’

ತೀರಿಕೊಂಡು ಇಪ್ಪತ್ತೆರಡು ವರ್ಷ.
ಫೋಟೋ ತೆಗೆಸಿಕೊಂಡವಳೇ ಅಲ್ಲವಂತೆ,
ಕ್ಯಾಮೆರಾ ಕಂಡರೆ ಬುಟ್ಟಿ ಅಡ್ಡ ಹಿಡಿಯುತ್ತಿದ್ದಳಂತೆ.

ಹುಬ್ಬಳ್ಳಿಯ ಸರ್ಜನ್ನರಿಗೆ ಚೀಟಿ ಬರೆದೆ;
ಹೋಗುವುದು ಬಿಡುವುದು ಅವಳಿಗೆ ಬಿಟ್ಟದ್ದು.
ಪ್ರಣೀತಾ ಸೊನ್ನೆಯನ್ನು ಫೋನಿಗೆ ಹಾಕಿಸಿಕೊಂಡಳು.
ಆರನ್ನು ದೊಡ್ಡದಾಗಿ ಪ್ರಿಂಟ್ ತೆಗೆದು ಕೊಟ್ಟೆ,
ಶೇವಂತಿ ಅದನ್ನು ಬುಟ್ಟಿಯಲ್ಲಿ ಇಡಲಿಲ್ಲ,
ಒದ್ದೆಯಾಗುತ್ತದೆಂದು ಎದೆಗೆ ಹಿಡಿದಳು.
ಎರಡೂ ನಾಲ್ಕೂ ನನ್ನ ಕಡತದಲ್ಲಿ.
ನಾಲ್ಕು ಪಾಯಿಂಟ್ ಮೂರು ಮಾತ್ರ
ಹೊಸ್ತಿಲಾಚೆ ಚಪ್ಪಲಿ ಮೆಟ್ಟಿ,
ಬುಟ್ಟಿಯನ್ನು ತಾನೇ ತಲೆಗೇರಿಸಿ,
ಮೀನು ಜಾರದಂತೆ ಕತ್ತು ತುಸು ವಾಲಿಸಿ
ಬಂದರಿನ ದಿಕ್ಕಿಗೆ ನಡೆದು ಹೋಯಿತು.