ರೂಟು ಒಪ್ಪಿಸುವಾಗ

ಆ ಫೋನು ಒಳಗಿಡು ಮೌಲಾಲಿ.
ಅದರೊಳಗೆ ಮಾತಾಡುವ ಹೆಂಗಸಿಗೆ
ಬೀದಿಯ ನಂಬರು ಗೊತ್ತು, ಖುವೈರು ಗೊತ್ತಿಲ್ಲ.
ಐದೂ ಮುಕ್ಕಾಲು. ಗುಡ್ಡದ ಬೆನ್ನು ಇನ್ನೂ ಕಪ್ಪು.
ಮೊದಲ ಮಗು ಹತ್ತುವುದು ವಿಡಿಯೋ ಅಂಗಡಿಯ ಹತ್ತಿರ.

ಅಂಗಡಿ ಎಲ್ಲಿ ಎಂದು ಹುಡುಕಬೇಡ,
ಮುಚ್ಚಿ ಹದಿನೆಂಟು ವರ್ಷ.
ಈಗ ಅಲ್ಲಿ ಹಲ್ಲಿನ ಡಾಕ್ಟರು.
ಆದರೂ ತಾಯಂದಿರು ಹೇಳುವುದು ಹಾಗೆಯೇ,
ಕ್ಯಾಸೆಟ್ಟಿನ ಮುಖ ನೋಡದ ಮಕ್ಕಳೂ ಹಾಗೆಯೇ.

ಮುಂದಿನದು ಬೇಕರಿ. ಅದೂ ಇಲ್ಲ.
ಎಡಕ್ಕೆ ತಿರುಗುವಾಗ ಬಿಸಿ ಖುಬ್ಬೂಸಿನ ವಾಸನೆ
ನನಗೆ ಈಗಲೂ ಬರುತ್ತದೆ.
ನಿನಗೆ ಬರದಿದ್ದರೆ ರಸ್ತೆಯ ಉಬ್ಬು ಎಣಿಸು,
ಮೂರನೆಯದು.

ಇಲ್ಲಿ ನಿಧಾನ. ಹಳದಿ ಕಟ್ಟಡದ ಹಿಂದೆ
ಏಸಿಯ ನೀರು ತೊಟ್ಟಿಕ್ಕುವ ಸಾಲಿನುದ್ದಕ್ಕೂ ಬಸಳೆ.
ನೆಟ್ಟವರು ಶಿರ್ವದ ಗ್ಲಾಡಿಸ್ ಬಾಯಿ,
ರಾತ್ರಿ ಪಾಳಿಯ ನರ್ಸು.
ಅವರು ಹೋದರು, ಬಳ್ಳಿ ಹೋಗಲಿಲ್ಲ.
ಆಮೇಲೆ ಬಂದ ಚಿತ್ತಗಾಂಗಿನವರು
ಇದು ನಮ್ಮ ಪೂಯಿ ಅಲ್ಲವೇ ಎಂದು
ಕಣ್ಣು ತುಂಬಿಕೊಂಡು ಕೊಯ್ದರು, ಸೀಗಡಿ ಹಾಕಿ ಉಂಡರು.
ಈಗಿರುವ ಸುಡಾನಿನ ಮೇಷ್ಟ್ರು
ಹೂವಿನ ಬಳ್ಳಿ ಎಂದುಕೊಂಡಿದ್ದಾರೆ.
ಹೇಳಬೇಡ.
ವಾರಕ್ಕೊಂದು ಕಟ್ಟು ನಾನು ಕೊಯ್ಯುತ್ತಿದ್ದೆ,
ಅದನ್ನೂ ರೂಟಿನ ಜೊತೆಗೆ ನಿನಗೆ ಒಪ್ಪಿಸಿದೆ.

ಆ ಗೋಡೆ ನೋಡು, ನಿನ್ನ ಎದೆಯೆತ್ತರಕ್ಕೆ ಒಂದು ಗೆರೆ.
ಎರಡು ಸಲ ಸುಣ್ಣ ಬಳಿದರು, ಎರಡು ಸಲವೂ ಮೇಲೆದ್ದು ಬಂತು.
ನೀರು ಬಂದ ವರ್ಷದ್ದು.
ಒಣಗಿದ ತೋಡು ನೆನಪು ಮಾಡಿಕೊಂಡು
ಕಾರುಗಳನ್ನು ಚಪ್ಪಲಿಯಂತೆ ಹೊತ್ತು ನಡೆದ ರಾತ್ರಿ
ಖಲ್ಫಾನರ ಮಾಳಿಗೆಯ ಮಜ್ಲಿಸಿನಲ್ಲಿ ನಾವು ನಲವತ್ತು ಜನ.
ಒಂದೇ ಹಂಡೆ ಅನ್ನ,
ಆರು ಭಾಷೆಯಲ್ಲಿ ಉಪ್ಪು ಕೇಳಿದರು.
ನೀರಿಳಿದ ಮೇಲೆ ದರ್ಜಿ ದೂಮಪ್ಪ
ಕೆಸರು ಕುಡಿದ ಯೂನಿಫಾರಮ್ಮುಗಳನ್ನೆಲ್ಲ ಒಗೆದು,
ಇಸ್ತ್ರಿ ಹಾಕಿ, ಮನೆಮನೆಗೆ ಕೊಟ್ಟು ಬಂದ.
ಎಷ್ಟು ಒಗೆದರೂ ಆ ವರ್ಷ
ನನ್ನ ವ್ಯಾನಿನ ತುಂಬ ಚಹಾ ಬಣ್ಣದ ಅಂಗಿಗಳು.

ಕೊನೆಯ ಸ್ಟಾಪು ದೂಮನ ಮೂಲೆ.
ಬೋರ್ಡು ಮೊಬೈಲ್ ರಿಪೇರಿಯದ್ದು,
ಇದ್ದ ಜಾಗ ಅವನದ್ದು.
ನಾವಿಬ್ಬರು ಆ ಮೆಟ್ಟಿಲ ಮೇಲೆ ಕೂತು
ತುಳುವಿನಲ್ಲಿ ಜಗಳವಾಡುತ್ತಿದ್ದೆವು,
ಮೀನಿನ ರೇಟಿಗೆ, ಕಬಡ್ಡಿಗೆ,
ಯಾವುದಕ್ಕೂ ಇಲ್ಲದಿದ್ದರೆ ಸುಮ್ಮನೆ.
ಅರಬಿಯಲ್ಲಿ ಪಕಾರ ಇಲ್ಲ ನೋಡು,
ಖಲ್ಫಾನರ ಬಾಯಲ್ಲಿ ಅವನು ದೂಮಬ್ಬ, ನಾನು ಇದಿನಬ್ಬ,
ಅಣ್ಣತಮ್ಮಂದಿರೇ ಎಂದು ನಗುತ್ತಿದ್ದರು.
'ದೋಮ್ ಅಂದರೆ ನಮ್ಮಲ್ಲಿ ಯಾವಾಗಲೂ,
ನೀನು ಯಾವಾಗಲೂ ಇರುವವನಪ್ಪಾ' ಎಂದಿದ್ದರು ಒಮ್ಮೆ.
ದೂಮಪ್ಪ ಬಾಯಲ್ಲಿದ್ದ ಸೂಜಿ ತೆಗೆದು,
'ಎರಡೆರಡು ವರ್ಷಕ್ಕೆ ಸೀಲು ಹೊಡೆಸಿಕೊಂಡು' ಎಂದ.

ಅರುವತ್ತು ತುಂಬಿತು, ಸೀಲು ನಿಂತಿತು.
ಮೂವತ್ತು ಕೆಜಿ ಕಟ್ಟಿಕೊಂಡ, ಹೊಲಿಗೆ ಯಂತ್ರ ಬಿಟ್ಟ.
ಮೂರನೇ ವರ್ಷಕ್ಕೆ ಬೆಳ್ಮಣ್ಣಿನಿಂದ ಫೋನು ಬಂತು.
ಆ ದಿನ ನಾನು ಎರಡು ಟ್ರಿಪ್ಪೂ ಹೊಡೆದೆ,
ಮಕ್ಕಳು ಏನು ಮಾಡಿಯಾವು?

ಖಲ್ಫಾನರ ಮೊಮ್ಮಕ್ಕಳು ದೂಮಪ್ಪನನ್ನು ಕಂಡವರಲ್ಲ.
ನಿನ್ನೆ ಅವರಲ್ಲೊಬ್ಬ ಟ್ಯಾಕ್ಸಿಯವನಿಗೆ
ಕೈ ಬೀಸಿ ಹೇಳುತ್ತಿದ್ದ, ಝಾವಿಯತ್ ದೂಮ,
ದೂಮನ ಮೂಲೆಯಲ್ಲಿ ನಿಲ್ಲಿಸು ಎಂದು.
ಟ್ಯಾಕ್ಸಿಯವನು ನಿಲ್ಲಿಸಿದ.

ನನ್ನದೇ?
ನಾಡಿದ್ದು ರಾತ್ರಿಯ ವಿಮಾನ.
ಓಡುವ ವ್ಯಾನಿಗೆ ಎಲ್ಲಿಯ ಮೂಲೆ ಮಾರಾಯ.
ಸೀಟಿನಡಿ ಒಂದು ಡಬ್ಬಿ ಬಟ್ಟೆಪಿನ್ನು ಇದೆ,
ಗುಂಡಿ ಕಿತ್ತುಕೊಂಡು ಬರುತ್ತವೆ, ಬೇಕಾಗುತ್ತದೆ.

ನಿಲ್ಲು. ಈ ಗೇಟಿಗೆ ಹಾರ್ನು
ಒಂದು ಗಿಡ್ಡ, ಒಂದು ಉದ್ದ.
ಬೇರೆ ಥರ ಹೊಡೆದರೆ ಇಳಿದು ಬರುವುದಿಲ್ಲ ಆ ಹುಡುಗಿ.
ಅವಳ ತಾಯಿಯೂ ಬರುತ್ತಿರಲಿಲ್ಲ.
ಹೊಡೆ, ನೋಡುವ.