ಅರ್ಧ ಕಪ್ಪು

ಏಳು ಮೆತ್ತಗಿನವು, ಏಳು ಗಟ್ಟಿ.
ದಕ್ಷಿಣ ಯೂಲಂಡಿನಲ್ಲಿ ಈ ಲೆಕ್ಕ ತಪ್ಪುವಂತಿಲ್ಲ
ಮದುವೆಗಾಗಲಿ ಮಣ್ಣಿಗಾಗಲಿ.
ಮೊದಲು ಬೆಣ್ಣೆ ಸವರಿದ ಬನ್ನು,
ಆಮೇಲೆ ಕೆನೆ ಹೊತ್ತ ಕೇಕುಗಳು,
ಕೊನೆಗೆ ಕುರುಕಲು.
ಬೇಡ ಅನ್ನಬಹುದು.
ಅಂದಮೇಲೆ ಮಾಡಿದವಳ ಮುಖ ನೋಡಬೇಕಾಗುತ್ತದೆ.

ಪ್ರಶ್ಯದವರು ಆಳುತ್ತಿದ್ದಾಗ
ಸಭಾಭವನಕ್ಕೆ ಹೆಂಡದ ಪರವಾನಗಿ ಕೊಡುತ್ತಿರಲಿಲ್ಲವಂತೆ.
ಸರಿ, ಕಾಫಿ ಕಾಸಿದರು. ಕಾಫಿಗೆ ಕೇಕು.
ಒಬ್ಬಳದಕ್ಕಿಂತ ಒಂದು ಕೈ ಮೇಲು ಇನ್ನೊಬ್ಬಳದು.
ಆಳಿದವರು ಹೋಗಿ ನೂರು ವರ್ಷ ದಾಟಿತು,
ಪೈಪೋಟಿ ಹೋಗಿಲ್ಲ.

ಇಲ್ಲಿ ಹೊಲಕ್ಕಿದ್ದಂತೆ ಕೇಕಿಗೂ ಖಾತೆಯಿದೆ.
ಸೇಬಿನದು ಕೆಸ್ತಿನೆಯ ಹೆಸರಿಗೆ.
ಕಬ್ಬಿಣದ ಅಚ್ಚಿನಲ್ಲಿ ಒತ್ತಿ ಸುಟ್ಟ ಗರಿಗರಿ ಹಾಳೆ
(ಅದನ್ನು 'ಒಳ್ಳೆ ಬುದ್ಧಿಮಾತು' ಅನ್ನುತ್ತಾರೆ)
ಶಾಲೆಯ ಹಿಂದಿನ ಮನೆಯ ಅಕ್ಕತಂಗಿಯರದು, ಜಂಟಿ.
ಮೊಟ್ಟೆಬಿಳಿಯ ನೊರೆ ಹೊತ್ತ ಬಿಸ್ಕತ್ತು ಟೋವೆಯದು,
ಅದರ ಹೆಸರೇ 'ಏನೂ ಇಲ್ಲ'.
ಪಾದ್ರಿ ಈಗಾಗಲೇ ನಾಲ್ಕು 'ಏನೂ ಇಲ್ಲ' ತಿಂದಿದ್ದಾರೆ.

ರೈ ರೊಟ್ಟಿಯ ಕೇಕು ಬೋಡಿಲಳದು.
ಒಣಗಿ ಕಲ್ಲಾದ ಕರಿರೊಟ್ಟಿ ತುರಿದು,
ಹೇಸಲ್ ಬೀಜ, ಕೋಕೋ, ಎಂಟು ಮೊಟ್ಟೆ,
ಪದರದ ನಡುವೆ ಕಪ್ಪು ಕರಂಟಿನ ಹುಳಿ ಜಾಮು,
ಮೇಲೆ ಕೆನೆ, ಡಾಕ್ಟರರ ಹೆಂಡತಿಯೂ ಸುಮ್ಮನಿರುವಷ್ಟು.
ಇವತ್ತು ಆ ತಟ್ಟೆ ಮಾತ್ರ ಖಾಲಿ ಇಟ್ಟಿದ್ದೇವೆ.
ಹದಿಮೂರು.
ಗಾಳಿಗೆ ಟೋಪಿ ಹಿಡಿದುಕೊಂಡು
ಬೋಡಿಲಳನ್ನು ಮಣ್ಣು ಮಾಡಿ ಈಗಷ್ಟೇ ಬಂದೆವು.

ಟೋವೆ ಒಮ್ಮೆ ಬಾಯಿಬಿಟ್ಟು ಕೇಳಿದ್ದಳು, ಮೂವತ್ತೊಂದು ವರ್ಷದ ಹಿಂದೆ.
ಬೋಡಿಲ್ ಚೀಟಿಯಲ್ಲಿ ಬರೆದೇ ಕೊಟ್ಟಳು.
ಅಕ್ಷರ ಗುಂಡಗೆ, ನಗು ಅದಕ್ಕಿಂತ ಗುಂಡಗೆ.
ಅಳತೆ ಎಲ್ಲ ಸರಿ, ಉರಿಯೂ ಸರಿ.
ಆದರೂ ಟೋವೆ ಮಾಡಿದ್ದು ಪ್ರತಿಸಲವೂ
ಗಂಟಲಲ್ಲೇ ಧರಣಿ ಕೂರುತ್ತಿತ್ತು.

ಕಾಫಿ ಬಗ್ಗಿಸುವವಳು ನಾನು, ಎಲ್ಲವೂ ಕಿವಿಗೆ ಬೀಳುತ್ತದೆ.
ಮೇಜಿನ ತುದಿಯಲ್ಲಿ ನಿಸ್,
ಕಡಲ ಒಡ್ಡು ಕಾಯ್ದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ.
'ಮತ್ತೆ ಹಾಕಬೇಡ,' ಅಂದ,
'ಶನಿವಾರ ಅಲ್ಲವೆ, ಅರ್ಧ ಬಿಡಬೇಕು.
ಬಿಡದಿದ್ದರೆ ಬಯ್ಯುತ್ತಾಳೆ.'
ಬಯ್ಯುತ್ತಿದ್ದಳು, ಎಂದು ಯಾರೂ ತಿದ್ದಲಿಲ್ಲ.

'ಬಿಟ್ಟದ್ದನ್ನು ಏನು ಮಾಡುತ್ತಿದ್ದಳು?'
ಟೋವೆ, ಕರವಸ್ತ್ರ ಮಡಿಸುತ್ತ, ಸುಮ್ಮನೆ ಕೇಳಿದಂತೆ.
'ಯಾರಿಗೆ ಗೊತ್ತು. ಒಳಗೆ ಒಯ್ಯುತ್ತಿದ್ದಳು.
ರೊಟ್ಟಿತುರಿಗೋ ಏನಕ್ಕೋ ಹೊಯ್ಯುತ್ತಿದ್ದಳು.
ಜಿಪುಣಿ ಅಂದುಕೊಂಡೆ ನಾನು, ನಲವತ್ತಾರು ವರ್ಷ.'

ಟೋವೆಗೆ ಮೊದಲು ಬಂದದ್ದು ಕೋಪ.
ಸತ್ತವರ ಮೇಲೆ ಬರಬಾರದಷ್ಟು ಕೋಪ,
ಕಿವಿಯವರೆಗೂ ಕೆಂಪು.
ಆಮೇಲೆ ಭುಜ ಕುಲುಕಿತು.
ನಗುವೋ ಇನ್ನೊಂದೋ,
ನಾನು ನಿಂತಲ್ಲಿಂದ ಬೆನ್ನು ಮಾತ್ರ ಕಾಣುತ್ತಿತ್ತು.

ಏನಾಯಿತೇ, ಎಂದಳು ಕೆಸ್ತಿನೆ.
ಟೋವೆ ತನ್ನದೇ ತಟ್ಟೆಯಿಂದ ಒಂದು ಬಿಸ್ಕತ್ತೆತ್ತಿ
ಅವಳ ಕೈಗಿಟ್ಟಳು:
'ಏನೂ ಇಲ್ಲ.'

ನಾನು ಹೂಜಿ ಬಗ್ಗಿಸಹೋದೆ.
ಅವಳು ಕಪ್ಪಿನ ಮೇಲೆ ಅಂಗೈ ಮುಚ್ಚಿದಳು.
ಅಡಿಯಲ್ಲಿ ಅರ್ಧ, ಕಪ್ಪಗೆ,
ಆರುತ್ತಿತ್ತು.