ಒಂದು ತೊಲಿಗೆ ಎರಡು ಗುಂಜಿ ಕಮ್ಮಿ

ಶಿವರಾತ್ರಿ ಮುಗದ ಮರುದಿನ
ಚಾಂದಬಿ ಮನಿ ತಿಪ್ಪಿ ಹೊಲಕ್ಕ ಹೊಂಟಿತ್ತು.
ಟ್ರ್ಯಾಕ್ಟರ್ ಹಿಂದ ಓಡಿದ ಮಾನಪ್ಪ
ಅಂಗಿ ಉಡ್ಯಾಗ ಎರಡು ಹುಳ ತಂದ.
ಬೆಳ್ಳಗ, ನನ್ನ ಹೆಬ್ಬೆರಳಿಗಿಂತ ದಪ್ಪ,
ಎಳೀ ಕೂಸಿನಂಗ ಮುದುಡಿಕೊಂಡಿದ್ವು.

"ಒಗಿ ಮೊದಲ ಹೊರಗ!" ಅಂದೆ ನಾ.
ಮೂಗುತಿಗೆ ಬೆಸಗಿ ಹಾಕತಿದ್ದ ಇವರು
ಊದುಗೊಳವಿ ಬಾಯಿಂದ ತಗದು
"ಹುಚ್ಚಿ, ಇದಕ್ಕ ಕೊಂಬ ಬರತದ" ಅಂದ್ರು.
ಸೇಡಂದಾಗ ಯಾವ ಪತ್ತಾರನೂ ಮಾಡದ ಕೆಲಸ ಮಾಡಿದ್ರು:
ಬಂಗಾರದ ತಕ್ಕಡ್ಯಾಗ ಹುಳ ಇಟ್ಟು ತೂಗಿದ್ರು.

ಒಂದು ತೊಲಿಗೆ ಎರಡು ಗುಂಜಿ ಕಮ್ಮಿ.
ಇನ್ನೊಂದು ಸಣ್ಣದು, ಮುಕ್ಕಾಲು ತೊಲಿ.

ಗಿರಾಕಿ ಬುಕ್ಕಿನ ಕಡೀ ಹಾಳಿಗೆ
ದೇವಕಿ ಗೆರಿ ಹೊಡದಳು: ತಾರೀಖು, ತೂಕ, ಷರಾ.
"ಷರಾ ಅಂದ್ರ ಏನಕ್ಕ?"
"ಅನಿಸಿದ್ದು ಬರೀಲಿಕ್ಕ ಜಾಗ."
ಮೊದಲನೇ ಷರಾ ಅವಂದೇ: ನಾರತಾವ. ಛಂದ ಅವ.

ಬಿಸಿಲು ಏರಿತು. ಪರಸಿ ಕಲ್ಲಿನ ಮನಿ ನಮ್ಮದು,
ಮೂರರ ಹೊತ್ತಿಗೆ ಗ್ವಾಡಿಗೆ ಬೆನ್ನ ಹಚ್ಚಂಗಿಲ್ಲ.
ಎರಡು ಬಣ್ಣದ ಡಬ್ಬಿ, ಒಳಗ ಸಗಣಿಮಣ್ಣು,
ಹರವಿ ಬುಡಕ್ಕ ಬಂದು ಕುಂತ್ವು.
"ಕುಡಿಯೂ ನೀರಿನ ಕೆಳಗ ತಿಪ್ಪಿ!"
ಅತ್ತಿ ಎರಡು ದಿನ ಮಾತು ಬಿಟ್ರು.
ಮೂರನೇ ದಿನ ತಾವೇ ಹಸೀ ಗೋಣಿ ಹೊಚ್ಚಿದ್ರು.

ಐತವಾರಕ್ಕೊಮ್ಮೆ ತೂಕ.
ಒಬ್ಬಾಕಿ ನೋಡಿಬಿಟ್ಟಳು,
"ಈ ತಕ್ಕಡ್ಯಾಗ ನನ ಮಗಳ ಬೋರಮಾಳ ತೂಗಬ್ಯಾಡ್ರಿ" ಅಂದು
ಎದುರಿನ ಅಂಗಡಿಗೆ ಹೋದಳು.
ಇವರು ನಕ್ಕರು. ನನಗ ನಗು ಬರಲಿಲ್ಲ.

ಮೇ ತಿಂಗಳದಾಗ ಹುಳ ಮಣ್ಣಾಗ ಖೋಲಿ ಕಟಗೊಂಡು
ಒಳಗ ಸೇರಿದ್ವು. ತೂಕ ಬಂದ್.
ದೇವಕಿ ಷರಾ: ಮುಟ್ಟಬಾರದು.
ಮುಟ್ಟಲಾರದ ಇರೂದು ಏಳು ವರ್ಷದವಗ ಸಣ್ಣ ಕೆಲಸೇನು?
ಡಬ್ಬಿಗೆ ಕಿವಿ ಹಚ್ಚಿ ಮಲಗತಿದ್ದ,
ಎಬ್ಬಿಸಿದ್ರ ಕೆನ್ನಿ ಮ್ಯಾಲ ಡಬ್ಬಿಯ ಗೆರಿ.

ಮಿರಗ ಸುರದ ರಾತ್ರಿ ಕರೆಂಟ್ ಹೋಗಿ ಬಂತು,
ಬಂದ ಕೂಡಲೇ ಟ್ಯೂಬಲೈಟಿಗೆ ಟಕ್, ಟಕ್.
ಕರ್ರಗ, ಎಣ್ಣಿ ಹಚ್ಚಿದಂಗ ಮಿಂಚೂ ಮೈ,
ಮೂಗಿನ ಮ್ಯಾಲ ಡೊಂಕು ಕೊಂಬ.
ಅತ್ತಿ ಕೈ ಮುಗದ್ರು.
ಯಾವ ದೇವರಿಗೆ ಅಂತ ನಾವು ಕೇಳಲಿಲ್ಲ.

ತೂಗಿದ್ರು. ಅರ್ಧ ತೊಲಿ ಸುದ್ದಾ ಇಲ್ಲ.

ಮಾನಪ್ಪನ ಮಾರಿ ಇಳೀತು.
"ಉಳದದ್ದು ಯಾರು ತಗೊಂಡ್ರು?"
ಎಲ್ಲಾ ಗಿರಾಕಿ ಕೇಳೂ ಮಾತೇ ಅದು,
ಎಲ್ಲಾರಿಗೂ ಕೊಡೂ ಉತ್ತರಾನೇ ಕೊಟ್ಟರು ಇವರು:
"ಕಾಸಬೇಕು, ಬಡೀಬೇಕು, ಕೊಂಬ ತೀಡಬೇಕು,
ಸವದು ಹೋಗತದಪ್ಪ. ಅದಕ್ಕ ತೇಮಾನ ಅಂತಾರ."
ಮಗ ನಂಬಲಿಲ್ಲ.
ಗಿರಾಕಿನೂ ನಂಬಂಗಿಲ್ಲ.

ಅಂಗಡಿ ಕಸಾ ನಾ ಎಂದೂ ಚೆಲ್ಲಾಕಿ ಅಲ್ಲ,
ಜರಡಿ ಹಿಡದು ತೊಳದ್ರ ವರ್ಷಕ್ಕ ಗುಂಜಿ ಬಂಗಾರ ಸಿಗತದ.
ಮುಂಜಾನೆದ್ದು ನೋಡತೀನಿ, ಅದೇ ಜರಡಿ ಅವನ ಕೈಯಾಗ,
ಖಾಲಿ ಡಬ್ಬಿ ಬೋರಲು ಹಾಕಿ
ಹಿಡಿ ಹಿಡಿ ಮಣ್ಣು ಜಾಳಿಸಲಿಕತ್ತಾನ.
ಸಿಕ್ಕಿತು: ಉಳ್ಳಾಗಡ್ಡಿ ಸಿಪ್ಪಿಯಂಥಾ ಒಂದು ತೊಗಲು.
ತಕ್ಕಡ್ಯಾಗ ಇಟ್ಟ. ಮುಳ್ಳು ಅಲಗಲಿಲ್ಲ.
ಸೊಟ್ಟ ಅಕ್ಷರದಾಗ ತಾನೇ ಬರದ ಷರಾ:
ತೇಮಾನ ಸಿಕ್ಕದ. ತೂಕ ಇಲ್ಲ.

ಮೂರು ದಿನ ಬಾಳಿಹಣ್ಣು ತಿಂದು ಅದು ಹಾರಿ ಹೋಯ್ತು,
ಚಾಂದಬಿ ಮನಿ ಕಡಿಗೇ.
ಸಣ್ಣದರ ಡಬ್ಬಿ ಇನ್ನೂ ಹರವಿ ಬುಡಕ್ಕ ಅದ.
ನಡುರಾತ್ರಿ ನೀರು ಕುಡೀಲಿಕ್ಕ ಎದ್ದಾಗ,
ಎಲ್ಲಾರೂ ಮಲಗ್ಯಾರಂತ ಖಾತ್ರಿ ಮಾಡಕೊಂಡು
ನಾನೂ ಒಂದೀಟು ಕಿವಿ ಹಚ್ಚತೀನಿ.